ಕ್ಯಾಂಪಿನ ಬಾಂಡ್ಲಿ

ಮೊಳೆ ಖಾಲಿ ಇತ್ತು. ಒಲೆಯ ಮೇಲಿನ ಮಣ್ಣುಗೋಡೆಗೆ ಎಂದೋ ಬಡಿದ ಮೊಳೆ. ಬಾಂಡ್ಲಿ ನೇತಾಡುತ್ತಿದ್ದಷ್ಟು ಕಾಲವೂ ಅಲ್ಲೊಂದು ಮೊಳೆ ಇದೆಯೆಂಬುದೇ ಚಿಕ್ಕಬೀರಮ್ಮನ ನೆನಪಿನಲ್ಲಿರಲಿಲ್ಲ. ಈಗ ನೋಡಿದರೆ ತುಕ್ಕು ಹಿಡಿದ ಅದರ ತಲೆ, ಅದರ ಕೆಳಗೆ ಮಸಿ ತಾಗದೆ ಉಳಿದ ಗುಂಡನೆಯ ಕೆಂಪು ಗೋಡೆ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಅವಳ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಯಿತು. ನಿನ್ನೆ ಗಾವಡಗೆರೆಯ ತಂಗಿಯನ್ನು ಗೃಹಪ್ರವೇಶಕ್ಕೆ ಕರೆಯಲು ಹೋಗಿ, ಕತ್ತಲಾದ ಮೇಲೆ ಬಂದು ಹಾಗೇ ಮಲಗಿಬಿಟ್ಟಿದ್ದಳು. ಅಷ್ಟರಲ್ಲಿ ಸೊಸೆ ಮೀನಾ ಹಳೆಯ ಅಡುಗೆಮನೆಯನ್ನು ಮುಕ್ಕಾಲು ಬರಿದು ಮಾಡಿದ್ದಾಳೆ. ರಸ್ತೆಗೆ ಮುಖ ಮಾಡಿ ಎದ್ದು ನಿಂತಿರುವ ತಾರಸಿ ಮನೆಗೆ ಏನು ಹೋಗಬೇಕು, ಗುಜರಿಯವನ ಗಾಡಿಗೆ ಏನು ಹೋಗಬೇಕು ಎಂದು ಒಬ್ಬಳೇ ತೀರ್ಮಾನಿಸಿ, ಗುಜರಿಯದನ್ನೆಲ್ಲ ಹಿತ್ತಲ ಬಾಗಿಲಲ್ಲಿ ಗುಡ್ಡೆ ಹಾಕಿದ್ದಾಳೆ. ಕಿವಿ ಮುರಿದ ತಪ್ಪಲೆ, ಸೀಮೆಎಣ್ಣೆ ಸ್ಟೌವು, ಬೆನ್ನು ಬಾಗಿದ ಸೌಟುಗಳು. ಚಿಕ್ಕಬೀರಮ್ಮ ಗುಡ್ಡೆಯನ್ನು ಕಾಲಿನಿಂದ ಕೆದಕಿದಳು, ಆಮೇಲೆ ಕೂತು ಕೈಯಿಂದ ಕೆದಕಿದಳು. ಬಾಂಡ್ಲಿ ಅದರಲ್ಲಿ ಇರಲಿಲ್ಲ.

ಸಿಕ್ಕಿದ್ದು ಹೊಸ ಮನೆಯ ಮುಂದೆ, ಮರಳಿನ ರಾಶಿಯ ಪಕ್ಕದಲ್ಲಿ. ಅಂಗಾತ ಬಿದ್ದ ಅದರ ಹೊಟ್ಟೆಯ ತುಂಬ ಸಿಮೆಂಟು ಬೂದು ಬಣ್ಣಕ್ಕೆ ಗಟ್ಟಿಯಾಗಿ ಕೂತಿತ್ತು. ಗಾರೆ ನಂಜಣ್ಣ ಬಾಗಿಲ ಮೆಟ್ಟಿಲಿಗೆ ಕರಣೆ ಎಳೆಯುತ್ತಿದ್ದವನು ಅವಳ ಮುಖ ನೋಡಿ ನಿಲ್ಲಿಸಿದ. “ನಮ್ದೊಂದು ಬಾಂಡ್ಲಿ ತಳ ತೂತಾಗಿತ್ತು ಕಣವ್ವ. ಹಿತ್ಲ ಬಾಗ್ಲಲ್ಲಿ ಇದು ಬಿದ್ದಿತ್ತು. ಕರೀ ಕಬ್ಬುಣ, ಎರಡು ಕಿವಿ, ಗುಂಡ್ಗೈತೆ, ಕೆಲ್ಸದ್ದೇ ಅನ್ಕಂಡೆ. ಮೆಟ್ಲಿಗೆ ಸಿಮೆಂಟೆಲ್ಲ ಇದ್ರಲ್ಲೇ ಹೊತ್ತೊ. ಇಂಥದ್ರಲ್ಲಿ ಯಾರಾದ್ರೂ ಅಡುಗೆ ಮಾಡ್ತಾರಾ ಅಂತ ನಂಗೇನ್ ಗೊತ್ತು?” ಅಂದ. ಅಂದವನು ಸುಮ್ಮನಿರಲಾರದೆ, “ಮೇಷ್ಟ್ರು ಇಲ್ಲೇ ಕುರ್ಚಿ ಹಾಕ್ಕಂಡು ಕುಂತಿದ್ರು. ಒಂದು ಮಾತು ಅಂದಿದ್ರೆ ಕೆಳಗಿಟ್ಬುಡ್ತಿದ್ದೆ,” ಎಂದೂ ಸೇರಿಸಿದ. ಮೇಷ್ಟ್ರು ಎಂದರೆ ಅವಳ ಮಗ ಉಮಾಶಂಕರ, ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ನಂಜಣ್ಣನದು ತಪ್ಪಲ್ಲ, ಗೊತ್ತಿಲ್ಲದವನ ಕೈ ಅದು. ಆದರೆ ಮಗನಿಗೆ ಆ ಬಾಂಡ್ಲಿ ಗೊತ್ತು. ಕಣ್ಣು ಕಟ್ಟಿ ಮುಟ್ಟಿಸಿದರೂ ಗುರುತು ಹೇಳುತ್ತಾನೆ. ಕೂಲಿಯವರ ತಲೆಯ ಮೇಲೆ ಅದು ಮರಳಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಮರಳಿಗೆ ಓಡಾಡುವುದನ್ನು ಕುರ್ಚಿಯಲ್ಲಿ ಕೂತು ನೋಡಿದ್ದಾನೆ, ಬಾಯಿ ಬಿಟ್ಟಿಲ್ಲ. ಬಯ್ದಿದ್ದರೆ, ಎತ್ತಿ ಕೆರೆಗೆ ಎಸೆದಿದ್ದರೆ, ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಸುಮ್ಮನೆ ಕೂತು ಕೆಲಸ ಮುಗಿಸುವ ಈ ಜಾಣತನ ಎಲ್ಲಿಂದ ಬಂತು ಎಂದು ಯೋಚಿಸಿದಳು. ಬೇರೆ ಎಲ್ಲಿಂದಲೂ ಬಂದಿರಲಿಲ್ಲ, ತನ್ನಿಂದಲೇ ಬಂದಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎರಡೂ ಕಿವಿ ಹಿಡಿದು ಎತ್ತಿದರೆ ಹೆಣಭಾರ. ಸೊಂಟಕ್ಕಿಟ್ಟುಕೊಂಡು ಹಳೆಯ ಮನೆಯ ಮಗ್ಗುಲಿನ ಬ್ಯಾರನ್ನಿಗೆ ಹೊತ್ತಳು. ಹೊಗೆಸೊಪ್ಪು ಹದ ಮಾಡುವ ಎತ್ತರದ ಮನೆ ಅದು. ಶ್ರಾವಣ ಬಂತೆಂದರೆ ಅದರ ತಳದ ಒಲೆ ಆರುವ ಹಾಗಿಲ್ಲ. ಒಲೆಯ ಬಾಯಿಗೆ ಎರಡು ಕಲ್ಲು ಕೊಟ್ಟು ಬಾಂಡ್ಲಿಯನ್ನು ಬೋರಲು ಹಾಕಿದಳು, ಕಟ್ಟಿಗೆ ಮುಂದಕ್ಕೆ ತಳ್ಳಿದಳು. ಕಬ್ಬಿಣ ಕಾದಿತು, ಮೈಯೆಲ್ಲ ಕೆಂಪಡರಿತು, ಒಳಗಿನ ಸಿಮೆಂಟು ಮೊದಲು ಕಿರುಗುಟ್ಟಿ ಆಮೇಲೆ ಚಟಾರನೆ ಸೀಳಿತು. ಆ ಸದ್ದಿಗೆ ಅವಳಿಗೆ ನಗು ಬಂತು. ಪೇಮಮ್ಮ ಇದ್ದಿದ್ದರೆ ಇನ್ನೂ ಜೋರಾಗಿ ನಗುತ್ತಿದ್ದಳು. ಅವಳ ಹೆಸರು ಪೇಮಾ. ಗುರುಪುರದ ಟಿಬೆಟಿನವರ ಕ್ಯಾಂಪಿನಲ್ಲಿ ಅವಳ ಹೊಲಕ್ಕೆ ಮುಸುಕಿನ ಜೋಳ ಮುರಿಯಲು ಹೋದ ಮೊದಲ ದಿನವೇ ಚಿಕ್ಕಬೀರಮ್ಮ ಅದಕ್ಕೊಂದು ಅಮ್ಮ ಸೇರಿಸಿ ಊರಿನ ಹೆಸರು ಮಾಡಿದ್ದಳು. ಚಳಿಗಾಲ ಬಂತೆಂದರೆ ಪೇಮಮ್ಮನ ಗಂಡ ಸ್ವೆಟರಿನ ಗಂಟು ಕಟ್ಟಿಕೊಂಡು ಕಲ್ಕತ್ತೆಗೆ ಹೋಗುತ್ತಿದ್ದ. ಒಂದು ವರ್ಷ ಅಲ್ಲಿನ ಚೀನೀಯರ ಅಂಗಡಿಯಿಂದ ಈ ಬಾಂಡ್ಲಿ ತಂದ. “ಚೀನಾದೋರು ನಮ್ ದೇಸ ತಗೊಂಡ್ರು. ನಾನು ಅವ್ರ ಬಾಂಡ್ಲಿ ತಗೊಂಡೆ,” ಎಂದು ಪೇಮಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಕ್ಕು ಮುಗಿದ ಮೇಲೆ ಒರೆಸಿಟ್ಟ ಬಾಂಡ್ಲಿಯನ್ನೇ ಇನ್ನೊಂದು ಸಲ ಒರೆಸುತ್ತಿದ್ದಳು.

ಚಿಕ್ಕಬೀರಮ್ಮನ ಗಂಡ ಸತ್ತು, ಮೈದುನರು ಕುರಿಮಂದೆಯನ್ನು ತಮ್ಮ ಕಡೆಗೆ ಹೊಡೆದುಕೊಂಡು ಹೋದ ವರ್ಷ ಅದು. ಮಧ್ಯಾಹ್ನಕ್ಕೆ ಅವಳು ಸೆರಗಿನಲ್ಲಿ ತಂಗಳು ಮುದ್ದೆ ಕಟ್ಟಿಕೊಂಡು ಹೋಗುತ್ತಿದ್ದಳು, ನೆಂಚಿಕೊಳ್ಳಲು ಉಪ್ಪು. ಒಂದು ದಿನ ಪೇಮಮ್ಮ ಅದನ್ನು ಕಂಡು, ಏನೂ ಕೇಳದೆ, ಮುದ್ದೆಯನ್ನು ಕೈಯಿಂದ ಕಿತ್ತುಕೊಂಡೇ ಒಳಗೆ ಹೋದಳು. ಚಿಕ್ಕಬೀರಮ್ಮನ ಕಣ್ಣಲ್ಲಿ ನೀರು ಬಂದಿತ್ತು, ಇರುವ ಒಂದು ಮುದ್ದೆಯನ್ನೂ ಈ ಹೆಂಗಸು ನಾಯಿಗೆ ಹಾಕುತ್ತಾಳೆ ಎಂದುಕೊಂಡಿದ್ದಳು. ಪೇಮಮ್ಮ ಅದನ್ನು ಬೆರಳುದ್ದ ಸೀಳಿದಳು. ಬಾಂಡ್ಲಿ ಹೊಗೆಯಾಡುವವರೆಗೆ ಕಾಯಿಸಿ, ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಕೋಸು, ಅದರ ಮೇಲೆ ಮುದ್ದೆಯ ಸೀಳುಗಳನ್ನು ಸುರಿದು, ಎರಡು ಕಿವಿಯನ್ನೂ ಬಟ್ಟೆಯಲ್ಲಿ ಹಿಡಿದು ಒಂದು ಸಲ ಎಗರಿಸಿದಳು. ಎಲ್ಲ ಮೇಲಕ್ಕೆ ಹೋಗಿ ಎಲ್ಲ ಕೆಳಕ್ಕೆ ಬಂತು. ಬೆಂಕಿ ಬಾಂಡ್ಲಿಯ ಅಂಚು ಹತ್ತಿ ಒಳಗಿಣುಕಿತು. ಚಿಕ್ಕಬೀರಮ್ಮ ಹೆದರಿ ಹಿಂದೆ ಸರಿದಾಗ, “ಬೆಂಕೀಗೆ ಹೆದ್ರುಬ್ಯಾಡ. ನೀನು ಹೆದ್ರಿದ್ರೆ ಕೋಸು ನೀರು ಬುಡ್ತದೆ,” ಅಂದಳು. ತನ್ನ ಊಟದ ತಟ್ಟೆಯಲ್ಲೇ ಹಾಕಿಕೊಟ್ಟಳು. ಅಂಚಿನಲ್ಲಿ ಗರಿಗರಿ, ನಡುವೆ ಮೆತ್ತಗೆ. ರಾಗಿಗೆ ಇಂಥ ರುಚಿಯೂ ಇದೆಯೆಂದು ಹುಟ್ಟಿದಾಗಿನಿಂದ ರಾಗಿ ತಿಂದವಳಿಗೆ ಗೊತ್ತಿರಲಿಲ್ಲ. ಅರ್ಧ ತಿಂದು ಅರ್ಧವನ್ನು ಮುತ್ತುಗದ ಎಲೆಯಲ್ಲಿ ಮಗನಿಗೆ ಕಟ್ಟಿಕೊಂಡಳು. ಅಂದಿನಿಂದ ಪೇಮಮ್ಮ ಎರಡು ಪಾಲು ಮಾಡತೊಡಗಿದಳು.

ಹುಡುಗ ಅದನ್ನು ತಿಂದೇ ಎತ್ತರವಾದ, ಅದನ್ನು ತಿಂದೇ ಲೆಕ್ಕದಲ್ಲಿ ಮುಂದೆ ಬಂದ. ಶಾಲೆಯಲ್ಲಿ ಡಬ್ಬಿ ಬಿಚ್ಚಿದಾಗ ಬೇರೆ ಹುಡುಗರು ಮೂಗು ಮುಚ್ಚಿಕೊಂಡು “ಕ್ಯಾಂಪಿನ ಮುದ್ದೆ” ಎಂದು ಕೂಗುತ್ತಿದ್ದುದನ್ನು ಅವನು ತಾಯಿಗೆ ಹೇಳಿರಲಿಲ್ಲ. ಡಬ್ಬಿಯನ್ನು ಬಾವಿಯ ಹಿಂದೆ ಕೂತು ಒಬ್ಬನೇ ತಿನ್ನುವುದನ್ನು ಅವಳೇ ಒಮ್ಮೆ ನೋಡಿದ್ದಳು. ನೋಡಿ ಸುಮ್ಮನೆ ಬಂದಿದ್ದಳು. ಸುಮ್ಮನಿರುವುದು ಆ ಮನೆಯ ಕಸುಬು. ಬ್ಯಾರನ್ನಿನ ಬಾಯಲ್ಲಿ ಬಾಂಡ್ಲಿಯನ್ನು ಕೋಲಿನಿಂದ ಹೊರಳಿಸಿ ಕುಟ್ಟಿದಾಗ ಸಿಮೆಂಟಿನ ಚಕ್ಕೆಗಳು ಕಳಚಿ ಬಿದ್ದವು. ಜೊತೆಗೆ ಇಷ್ಟು ವರ್ಷದ ಎಣ್ಣೆ ಕುಡಿದು ಕೂತಿದ್ದ ಕಪ್ಪೂ ಕಳಚಿತು. ಒಳಗಿನಿಂದ ಕಬ್ಬಿಣ ಬೆತ್ತಲಾಗಿ, ಬೋಳಿಸಿದ ತಲೆಯ ಹಾಗೆ ಬೆಳ್ಳಗೆ ಕಂಡಿತು. ಅವಳಿಗೆ ಅಳು ಬಂತು. ಅಳುವುದಕ್ಕೆ ಪುರುಸೊತ್ತಿಲ್ಲವೆಂದು ಹುಚ್ಚೆಳ್ಳೆಣ್ಣೆಯ ಬಾಟಲಿ ತರಲು ಒಳಗೆ ಹೋದಳು.

ಮೀನಾ ಅಲ್ಲೇ ಪೇಪರಿನಲ್ಲಿ ಹೊಸ ಸ್ಟೀಲು ಡಬ್ಬಿಗಳನ್ನು ಸುತ್ತುತ್ತಿದ್ದಳು. ಕೆಟ್ಟವಳಲ್ಲ, ಕೆ.ಆರ್. ನಗರದ ಹುಡುಗಿ, ಅತ್ತೆಗೆ ಎಣ್ಣೆ ನೀರು ಹಾಕುತ್ತಾಳೆ. “ಅತ್ತೆ, ನಂಜಣ್ಣ ಹಂಗ್ ಮಾಡ್ತಾನೆ ಅಂತ ನಂಗೊತ್ತಿರ್ಲಿಲ್ಲ. ಆದ್ರೆ ಅದೊಂದನ್ನ ಹೊಸ ಮನೆ ಒಳಕ್ಕೆ ತರಬ್ಯಾಡಿ ಕಣತ್ತೆ. ಗ್ಯಾಸಿನ ಮೇಲೆ ಅದು ಕೂರೋದೂ ಇಲ್ಲ, ಉಳ್ಳಾಡ್ತದೆ. ನಾಳಿದ್ದು ನಮ್ಮವ್ವ ಬತ್ತಾಳೆ, ನಮ್ಮತ್ತಿಗೇರು ಬತ್ತಾರೆ,” ಅಂದಳು. ಅಷ್ಟರಲ್ಲಿ ಉಮಾಶಂಕರ ಮೋಟಾರು ಸೈಕಲ್ಲು ನಿಲ್ಲಿಸಿ ಬಂದ. ತಾಯಿಯ ಕೈಯಲ್ಲಿದ್ದ ಮಸಿ ನೋಡಿ, ನೋಡದವನಂತೆ ಗೋಡೆಯ ಕಡೆ ತಿರುಗಿ ಮಾತಾಡಿದ. “ಹೆಡ್ ಮಾಸ್ಟ್ರು ವೀರಭದ್ರಸ್ವಾಮಿಯೋರು ಬತ್ತಾರೆ ಕಣವ್ವ. ಮಡಿವಂತ್ರು. ಅದು ಎಲ್ಲಿಂದ ಬಂತು ಅಂತ ಊರಿಗೆಲ್ಲ ಗೊತ್ತು. ಅದ್ರಲ್ಲಿ ಆ ಕ್ಯಾಂಪಿನೋರು ಏನೇನ್ ಬೇಯ್ಸಿದ್ರೋ...”

“ಏನ್ ಬೇಯ್ಸಿದ್ರು ಅಂತ ನಿನ್ನ ಹೊಟ್ಟೇನ ಕೇಳ್ಲಾ,” ಅಂದಳು ಚಿಕ್ಕಬೀರಮ್ಮ. “ಹದಿನಾರು ತುಂಬೋಗಂಟ ಅದ್ನೇ ತಿಂದಿದ್ದೀಯ.”

“ಅದ್ಕೇ ಕಣವ್ವ ಹೇಳ್ತಿರೋದು. ಆಗಿದ್ದು ಆಗೋಯ್ತು. ಇನ್ನೊಂದು ತಂದ್ಕೊಡ್ತೀನಿ, ನಾನ್‌ಸ್ಟಿಕ್ಕು.” ಅವನ ದನಿಯಲ್ಲಿ ಜೋರಿರಲಿಲ್ಲ, ಬೇಡಿಕೆ ಇತ್ತು, ಅದೇ ಅವಳನ್ನು ಹೆಚ್ಚು ಕೆರಳಿಸಿತು. ಹತ್ತಿದ ಏಣಿ ಒದೆಯುವವನು ಕೊನೇಪಕ್ಷ ಗಟ್ಟಿಯಾಗಿ ಒದೆಯಬೇಕು. “ಅದು ಒಳಕ್ಕೆ ಬರದಿದ್ರೆ ನಾನೂ ಬರಾಕಿಲ್ಲ,” ಎಂದು ಎಣ್ಣೆ ಬಾಟಲಿ ತೆಗೆದುಕೊಂಡು ಹೊರಗೆ ನಡೆದಳು. ಹಿಂದಿನಿಂದ ಮಗ ಸೊಸೆಗೆ ಪಿಸುಗುಟ್ಟಿದ್ದು ಕೇಳಿಸಿತು: ಬುಡು, ಆವತ್ತಿಗೆ ಬತ್ತಾಳೆ.

ಅವಳು ಕಾಯಿಸಿ ಕಾಯಿಸಿ ಎಣ್ಣೆ ಕುಡಿಸಿದಳು. ಕಬ್ಬಿಣ ನೀಲಿಗೆ ತಿರುಗುವವರೆಗೆ ಕಾಯಿಸುವುದು, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಒಳಗೆಲ್ಲ ತಿಕ್ಕುವುದು, ಹೊಗೆ ಬಂದು ಒಣಗಿದ ಮೇಲೆ ಮತ್ತೆ ತಿಕ್ಕುವುದು. ಹುಚ್ಚೆಳ್ಳೆಣ್ಣೆಯ ಘಾಟು ಹೊಗೆಸೊಪ್ಪಿನ ಘಾಟಿನ ಜೊತೆ ಸೇರಿ ಕಣ್ಣು ಕೆಂಪಾದವು. ಬೆಂಕಿಗೆ ಹಿಡಿದರೆ ಮೈಲಿಗೆ ಹೋಗುತ್ತದೆ ಎನ್ನುತ್ತಾರೆ ಊರಿನವರು. ಅವಳೂ ಅಂದಿದ್ದಳು, ಅನ್ನದೆ ಮಾಡಿಯೂ ತೋರಿಸಿದ್ದಳು. ಉಮಾಶಂಕರನ ಮದುವೆಗೆ ಪೇಮಮ್ಮ ಟಿಬೆಟಿನ ಹೆಂಗಸರ ಪಟ್ಟೆಪಟ್ಟೆ ಮುಂಚೆರಗನ್ನು ಸೊಂಟಕ್ಕೆ ಕಟ್ಟಿಕೊಂಡು, ಮದುಮಗನಿಗೊಂದು ಸ್ವೆಟರು ಹಿಡಿದುಕೊಂಡು ಬಂದಿದ್ದಳು. ಚಿಕ್ಕಬೀರಮ್ಮ ಅವಳನ್ನು ಒಳಗೆ ಕರೆಯಲಿಲ್ಲ. ಜಗುಲಿಯಲ್ಲಿ ಚಾಪೆ ಹಾಕಿ ಕೂರಿಸಿ, ಹಿತ್ತಾಳೆ ಚೊಂಬಿನಲ್ಲಿ ನೀರು ಕೊಟ್ಟಳು. ಪೇಮಮ್ಮ ಎತ್ತಿ ಕುಡಿಯಲಿಲ್ಲ, ಕಚ್ಚಿ ಕುಡಿದಳು. ಪಕ್ಕದ ಮನೆಯ ಸೋಮಮ್ಮ ಬೀಗರ ಹೆಂಗಸರ ನಡುವೆ ನಿಂತು ಆ ಚೊಂಬನ್ನೇ ನೋಡುತ್ತಿದ್ದಳು. ಪೇಮಮ್ಮ ಹೊರಟಳೋ ಇಲ್ಲವೋ, ಚಿಕ್ಕಬೀರಮ್ಮ ಚೊಂಬನ್ನು ಇಕ್ಕಳದಲ್ಲಿ ಹಿಡಿದು, ಸೋಮಮ್ಮನಿಗೆ ಕಾಣುವ ಹಾಗೆ, ಅಂಗಳದ ಅಡುಗೆ ಒಲೆಯ ಉರಿಗೆ ಒಡ್ಡಿದಳು. ತಿರುಗಿ ನೋಡಿದರೆ ಬೇಲಿಯ ಹತ್ತಿರ ಪೇಮಮ್ಮ. ಮರೆತ ಕೊಡೆಗೆ ವಾಪಸು ಬಂದಿದ್ದಳು. ಪೇಮಮ್ಮ ಜಗುಲಿಯಿಂದ ಕೊಡೆ ತೆಗೆದುಕೊಂಡು ಹೋದಳು. ಇಕ್ಕಳದ ತುದಿಯಲ್ಲಿ ಚೊಂಬು ಕಾಯುತ್ತಲೇ ಇತ್ತು.

ಆಮೇಲೂ ಚಿಕ್ಕಬೀರಮ್ಮ ಕೆಲಸಕ್ಕೆ ಹೋದಳು, ಆಮೇಲೂ ಪೇಮಮ್ಮ ಎರಡು ಪಾಲು ಮಾಡಿದಳು, ತನ್ನ ತಟ್ಟೆಯಲ್ಲೇ ಕೊಟ್ಟಳು. ಬಯ್ದಿದ್ದರೆ ತೀರುತ್ತಿತ್ತು. ಕೆಲವು ವರ್ಷದ ಮೇಲೆ ಗಂಡ ತೀರಿಕೊಂಡು, ಪೇಮಮ್ಮ ಉತ್ತರದಲ್ಲಿರುವ ತಮ್ಮನ ಹತ್ತಿರ ಹೋಗುವುದೆಂದಾಯಿತು. ಹೊರಡುವ ಮುನ್ನ ಈ ಬಾಂಡ್ಲಿ ಹೊತ್ತು ಬಂದಳು. ಬೇಲಿಯ ಆಚೆಯೇ ನಿಂತಳು. ಚಿಕ್ಕಬೀರಮ್ಮ ಓಡಿ ಹೋಗಿ, ಬಾ ಒಳಕ್ಕೆ, ಒಳಕ್ಕೆ ಬಾ, ನೀರು ಕುಡಿ ಎಂದು ಕೈ ಹಿಡಿದಳು. “ನೀರು ಬ್ಯಾಡ ಬುಡು,” ಅಂದಳು ಪೇಮಮ್ಮ, ಸಿಟ್ಟಿಲ್ಲದೆ. ಬೇಲಿಯ ಮೇಲಿಂದ ಬಾಂಡ್ಲಿ ಕೊಟ್ಟಳು. “ತಿಕ್ಕಿ ಬೆಳ್ಳಗೆ ಮಾಡಬ್ಯಾಡ. ಕಪ್ಪಗಿದ್ರೇನೆ ಇದ್ರ ಮರ್ಯಾದೆ.” ಇಷ್ಟೇ ಮಾತು. ಉರಿಗೆ ಒಡ್ಡಬೇಕಾಗಿದ್ದದ್ದು ಚೊಂಬನ್ನಲ್ಲ, ತನ್ನ ಕೈಯನ್ನು, ಎಂದು ಚಿಕ್ಕಬೀರಮ್ಮನಿಗೆ ಅಂದಿನಿಂದ ಎಷ್ಟು ಸಲ ಅನ್ನಿಸಿದೆಯೋ. ಬ್ಯಾರನ್ನಿನ ಉರಿಯಲ್ಲಿ ಈಗ ಬಾಂಡ್ಲಿಯ ಒಳಮೈ ಕಂದಿತು, ಆಮೇಲೆ ಜೇನಿನ ಬಣ್ಣಕ್ಕೆ ಬಂತು, ಕೊನೆಗೆ ಕಪ್ಪಾಗಿ ಮಿರುಗಿತು. ಆ ರಾತ್ರಿ ಅವಳು ಅದನ್ನು ಮೊಳೆಗೆ ಹಾಕಲಿಲ್ಲ, ಮಂಚದ ಕೆಳಗೆ ಇಟ್ಟುಕೊಂಡಳು.

ಗೃಹಪ್ರವೇಶದ ದಿನ ಹೊಸ ಮನೆಯ ಬಾಗಿಲಿಗೆ ಮಾವಿನ ತೋರಣ, ಮೆಟ್ಟಿಲಿಗೆ ರಂಗೋಲಿ. ಚಿಕ್ಕಬೀರಮ್ಮ ಹೊಸ ಸೀರೆಯುಟ್ಟು, ಸೊಂಟದ ಮೇಲೆ ಬಾಂಡ್ಲಿ ಇಟ್ಟುಕೊಂಡು ಬಂದಳು. ನೆಂಟರೆಲ್ಲ ಬಿಂದಿಗೆ ಹೊತ್ತವಳಿಗೆ ದಾರಿ ಬಿಡುವ ಹಾಗೆ ದಾರಿ ಬಿಟ್ಟರು, ಆಮೇಲೆ ನೋಡಿದರು, ಆಮೇಲೆ ಮುಖ ಮುಖ ನೋಡಿಕೊಂಡರು. ಉಮಾಶಂಕರ ಬಾಗಿಲಿಗೆ ಅಡ್ಡ ಬಂದ, ರೇಷ್ಮೆ ಪಂಚೆ, ಹಣೆಯಲ್ಲಿ ಕುಂಕುಮ. “ಅವ್ವ, ಕೈಮುಗೀತೀನಿ. ಅದ್ನ ಬ್ಯಾರನ್ ತಾವ್ ಇಟ್ಬುಟ್ಟು ಬಾ,” ಎಂದ ಹಲ್ಲಿನ ನಡುವೆಯೇ. ಅವಳು ವಾದ ಮಾಡಲಿಲ್ಲ. ಹೊಸ ಮನೆಯ ಜಗುಲಿಯ ತುದಿಗೆ ಹೋಗಿ ಬಾಂಡ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಒಳಗೆ ಮಂತ್ರ ಶುರುವಾಯಿತು. ಕೂತ ಕಡೆಯಿಂದ ಮೆಟ್ಟಿಲು ಕಾಣುತ್ತಿತ್ತು. ಹತ್ತಿ ಹೋಗುವವರೆಲ್ಲ ಈ ಬಾಂಡ್ಲಿಯಲ್ಲಿ ಹೊತ್ತ ಸಿಮೆಂಟನ್ನೇ ತುಳಿದು ಹೋಗುತ್ತಿದ್ದಾರೆ, ಮಡಿವಂತ ವೀರಭದ್ರಸ್ವಾಮಿಯವರೂ ತುಳಿದರು, ಎಂದು ನೆನೆದು ಅವಳಿಗೆ ಒಳಗೊಳಗೇ ಖುಷಿಯಾಯಿತು. ಜಗುಲಿಯ ಕಲ್ಲು ತಣ್ಣಗಿತ್ತು. ಹೊರಗೆ ಕೂತವರಿಗೆ ಒಳಗಿನದೆಲ್ಲ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದು ಅವಳಿಗೆ ಆವತ್ತು ತಿಳಿಯಿತು: ಬಳೆಯ ಸದ್ದು, ಪಿಸುಮಾತು, ತನ್ನ ಹೆಸರು. ಪೇಮಮ್ಮನಿಗೂ ಇದೆಲ್ಲ ಕೇಳಿಸಿರಬೇಕು. ಮೀನಾ ಗಾಬರಿಯಿಂದ ಒಂದು ಚೊಂಬು ಹಿಡಿದು ಬಂದಳು, “ಅತ್ತೆ, ಎಲ್ರೂ ನೋಡ್ತಾವ್ರೆ. ನೀರಾದ್ರೂ ಕುಡೀರಿ.”

“ನೀರು ಬ್ಯಾಡ ಬುಡು,” ಅಂದಳು ಚಿಕ್ಕಬೀರಮ್ಮ. ತನ್ನ ಬಾಯಿಂದಲೇ ಬಂದ ಆ ಮಾತು ಕೇಳಿ ಅವಳ ಮೈ ಜುಂ ಎಂದಿತು. ಒಳಗೆ ಹಾಲು ಉಕ್ಕಿತು, ಹೆಂಗಸರು ಉಕ್ತು ಉಕ್ತು ಎಂದು ಕೂಗಿದರು, ಅವಳಿಲ್ಲದೆಯೇ ಉಕ್ಕಿತು. ಗಂಡನಿಲ್ಲದ ಮನೆಯಲ್ಲಿ ಮಗನನ್ನು ನಿಲ್ಲಿಸಿದವಳಿಗೆ ಮಗನ ಮನೆಯಲ್ಲಿ ಹಾಲು ಉಕ್ಕುವುದನ್ನು ನೋಡಬೇಕೆಂದು ಆಸೆಯಿತ್ತು, ಇರಲಿಲ್ಲವೆಂದು ಯಾರಿಗೆ ಸುಳ್ಳು ಹೇಳುವುದು? ಎದ್ದು ಒಳಗೆ ಹೋಗಬಹುದಾಗಿತ್ತು. ಬಾಂಡ್ಲಿಯನ್ನು ಜಗುಲಿಯಲ್ಲಿ ಬಿಟ್ಟರೆ ಸಾಕಿತ್ತು. ಅವಳು ಎದ್ದಳು, ಬಾಂಡ್ಲಿ ಸೊಂಟಕ್ಕೇರಿಸಿ ಬ್ಯಾರನ್ನಿಗೆ ನಡೆದಳು.

ಒಲೆಯ ಬಾಯಲ್ಲಿ ಕಲ್ಲು ಸರಿಮಾಡಿ ಬಾಂಡ್ಲಿ ಕೂರಿಸಿದಳು. ಗ್ಯಾಸಿನ ಮೇಲೆ ಉರುಳಾಡುವ ಅದು ಇಲ್ಲಿ ತನ್ನ ಜಾಗ ಗೊತ್ತಿದ್ದಂತೆ ಕೂತಿತು. ಹಿಂದಿನ ರಾತ್ರಿಯೇ ಕಟ್ಟಿಟ್ಟಿದ್ದ ಮುದ್ದೆ ಸೀಳಿದಳು, ಕೋಸು ಹೆಚ್ಚಿದಳು. ಬಾಂಡ್ಲಿ ಹೊಗೆಯಾಡಿತು. ಎಣ್ಣೆ ಬಿಟ್ಟ ಕೂಡಲೇ ಹೊಸ ಕಪ್ಪು ಅದನ್ನು ಹಿಡಿದುಕೊಂಡಿತು. ಬೆಳ್ಳುಳ್ಳಿ ಸಿಡಿಯಿತು, ಮೆಣಸಿನ ಘಾಟು ಎದ್ದಿತು, ಕೋಸು ಸರ್ ಎಂದಿತು. ಅವಳು ಹೆದರಲಿಲ್ಲ, ಕೋಸು ನೀರು ಬಿಡಲಿಲ್ಲ. ಎರಡು ಕಿವಿಗೂ ಹೊಸ ಸೀರೆಯ ಸೆರಗನ್ನೇ ಸುತ್ತಿ ಎಗರಿಸಿದಳು. ಈ ವಯಸ್ಸಿನಲ್ಲಿ ತೋಳು ನೋಯುತ್ತದೆ, ನೋಯಲಿ. ಘಾಟು ಗಾಳಿಯಲ್ಲಿ ಹೊಸ ಮನೆಯ ಕಿಟಕಿ ಹೊಕ್ಕು, ಒಳಗೆ ಯಾರೋ ಕೆಮ್ಮಿದರು. ಪಂಕ್ತಿಗೆ ಎಲೆ ಹಾಕಿದ್ದರು. ಪಾಯಸದ ಮುಂದೆ ಕೂತ ನೆಂಟರು ಮೂಗರಳಿಸಿ ಕಿಟಕಿಯ ಕಡೆ ನೋಡುವುದು ಅವಳಿಗೆ ಇಲ್ಲಿಂದಲೇ ಕಂಡಿತು.

ಉಮಾಶಂಕರ ಬಂದ. ಬಯ್ಯಲು ಬಂದಿದ್ದಿರಬೇಕು, ಉಪವಾಸವಿದ್ದು ಪೂಜೆಗೆ ಕೂತವನು, ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ಬಾಂಡ್ಲಿಯ ಹತ್ತಿರ ಬಂದವನ ಮುಖ ಕರಗಿತು. ಒಮ್ಮೆ ಹಿಂದಕ್ಕೆ ತಿರುಗಿ ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಬ್ಯಾರನ್ನಿನ ಮರೆಗೆ ಸರಿದು ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ. ಬಾವಿಯ ಹಿಂದೆ ಕೂತ ಹುಡುಗನ ಬೆನ್ನು ಹೀಗೇ ಬಾಗಿತ್ತು. ಒಂದು ತುತ್ತು ಕೊಟ್ಟುಬಿಡೋಣ ಎಂದು ಚಿಕ್ಕಬೀರಮ್ಮನ ಕೈ ಮುಂದಕ್ಕೆ ಹೋಯಿತು. ಆ ಕೈಯನ್ನು ಹಿಂದಕ್ಕೆಳೆದುಕೊಂಡು ಬಾಂಡ್ಲಿಯನ್ನು ತನ್ನ ಕಡೆಗೆ ಸರಿಸಿಕೊಂಡಳು.

“ಕದ್ದು ತಿನ್ನೋರ್ಗೆ ನಾನು ಬೇಯ್ಸಿಲ್ಲ ಕಣ್ಲಾ. ತಿನ್ನೋದಾದ್ರೆ ಒಳಕ್ಕೆ ಎತ್ಕೊಂಡೋಗು. ಮುಂಬಾಗ್ಲಲ್ಲಿ.”

ಅವನು ಕೂತೇ ಇದ್ದ. ಕಟ್ಟಿಗೆ ಒಡೆದು ಕಿಡಿ ಹಾರಿತು. ಮೇಷ್ಟ್ರ ಮುಖ ಬೇರೆ, ಹಸಿದವನ ಮುಖ ಬೇರೆ; ಎರಡೂ ಅಲ್ಲಿ ಬಂದು ಹೋದವು. “ಎಲ್ರೂ ಕೂತವ್ರೆ ಕಣವ್ವ,” ಅಂದ. “ಕೂತಿರ್ಲಿ,” ಅಂದಳು ಅವಳು. ಬಹಳ ಹೊತ್ತಾದ ಮೇಲೆ ಅವನು ಹೆಗಲ ಮೇಲಿನ ಜರಿ ಶಲ್ಯ ತೆಗೆದ. ಎರಡು ಸುತ್ತು ಮಡಿಸಿ ಕಿವಿಗಳನ್ನು ಹಿಡಿದು ಬಾಂಡ್ಲಿ ಎತ್ತಿದ. ಹುಚ್ಚೆಳ್ಳೆಣ್ಣೆಯ ಕಪ್ಪು ರೇಷ್ಮೆ ಪಂಚೆಗೆ ಒತ್ತಿಕೊಂಡಿತು, ಅವನು ನೋಡಿಕೊಳ್ಳಲಿಲ್ಲ. ಹೊಗೆಯಾಡುವ ಬಾಂಡ್ಲಿ ಹಿಡಿದು ಅಂಗಳ ದಾಟಿ, ರಂಗೋಲಿ ಹಾಕಿದ ಮೆಟ್ಟಿಲು ಹತ್ತಿದ. ಚಿಕ್ಕಬೀರಮ್ಮ ಸೆರಗು ಸರಿಮಾಡಿಕೊಂಡು ಅವನ ಹಿಂದೆಯೇ ಹತ್ತಿ, ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಪಂಕ್ತಿಯ ಮೊದಲ ಎಲೆಯಲ್ಲಿ ಕೂತಿದ್ದ ವೀರಭದ್ರಸ್ವಾಮಿಯವರು ಕನ್ನಡಕ ಸರಿಮಾಡಿಕೊಂಡು, “ಏನ್ರೀ ಅದು ಉಮಾಶಂಕರ್? ಯಾರದು?” ಎಂದು ಕೇಳಿದರು. ಬಾಗಿಲ ಬಳಿ ನಿಂತ ಸೋಮಮ್ಮ ಕತ್ತು ಮುಂದೆ ಮಾಡಿದಳು.

“ನಮ್ಮವ್ವಂದು ಸಾರ್,” ಅಂದ ಉಮಾಶಂಕರ.

“ಅಲ್ಲ,” ಅಂದಳು ಚಿಕ್ಕಬೀರಮ್ಮ ಅವನ ಹಿಂದಿನಿಂದ, ಹೊಸ ಮನೆಯ ಗೋಡೆ ಗೋಡೆಗೂ ಕೇಳಿಸುವ ಹಾಗೆ. “ಕ್ಯಾಂಪಿನ ಪೇಮಮ್ಮಂದು.”